ಚಿತ್ರ 14: ಅರಣೆ ಮೀನು, ಎರಡನೇ ಪ್ರಯತ್ನ

ಮಲ್ಪೆ ದಕ್ಕೆಗೆ ಬರುವ ಮೀನುಗಳನ್ನು ಒಂದೊಂದಾಗಿ ಬಣ್ಣದಲ್ಲಿ ಬರೆದಿಡುತ್ತಿದ್ದೇನೆ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ, ಹಾಗಾಗಿ ಕೆಲಸ ನಿಂತಿತ್ತು. ಈಗ ಮತ್ತೆ ಶುರುವಾಗಿದೆ.

ಕಳೆದ ವಾರ ಬರೆದ ಅರಣೆ ಮೀನು ಕೆಟ್ಟಿತು. ದೀಪದ ಬಿಸಿಗೆ ಹೊಟ್ಟೆಯಡಿಯ ಈಜುರೆಕ್ಕೆ ಒಣಗಿ ಮೈಗೆ ಅಂಟಿಕೊಂಡಿತು, ರೆಕ್ಕೆಯೊಳಗಿನ ಕಡ್ಡಿಗಳನ್ನು ಎಣಿಸಲಾಗಲಿಲ್ಲ. ಈ ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ಮೀನು ಮಾರುವ ಅಕ್ಕ, 'ಇದರಲ್ಲಿ ಮುಳ್ಳು ಜಾಸ್ತಿ, ಬೇರೆ ತಗೊಳ್ಳಿ' ಅಂದರು. ಚಿತ್ರ ಬರೆಯೋಕೆ ಅಂದಾಗ ಬುಟ್ಟಿಯಲ್ಲಿ ಹುಡುಕಿ, ರೆಕ್ಕೆ ಹರಿಯದ ಒಂದನ್ನು ಕೊಟ್ಟರು.

ಈ ಸಲ ಥರ್ಮೋಕೋಲ್ ಮೇಲೆ ಮಲಗಿಸಿ, ರೆಕ್ಕೆಗಳನ್ನು ಗುಂಡುಸೂಜಿಯಿಂದ ಬಿಡಿಸಿ, ಒದ್ದೆ ಬಟ್ಟೆ ಹೊದಿಸಿದೆ. ಹೊಟ್ಟೆಯಡಿಯ ರೆಕ್ಕೆಯಲ್ಲಿ ಎಣಿಸಿದರೆ 9 ಕಡ್ಡಿ. ಅರಣೆ ಮೀನುಗಳಲ್ಲಿ ಸೌರಿಡಾ, ಸೈನೋಡಸ್ ಎಂಬ ಕುಲಗಳಿವೆ. ಅಂದರೆ ಇದು ಸೌರಿಡಾ; ಸೈನೋಡಸ್ ಆಗಿದ್ದರೆ 8 ಇರುತ್ತಿತ್ತು. ಬಾಲದ ಮೇಲಂಚಿನಲ್ಲಿ ಕಪ್ಪು ಚುಕ್ಕೆಗಳ ಸಾಲು ಇದ್ದಿದ್ದರೆ ಸೌರಿಡಾದಲ್ಲೇ ಅಂಡೋಸ್ಕ್ವಾಮಿಸ್ ಎಂಬ ಜಾತಿ ಅನ್ನಬಹುದಿತ್ತು. ಇಲ್ಲಿ ಇಲ್ಲ. ಹಾಗಾಗಿ ಸೌರಿಡಾ ಟುಂಬಿಲ್ ಎಂದು ಬರೆದಿದ್ದೇನೆ.

ಬಾಯಿ ಬಿಡಿಸಿದ ಮೇಲೆ ಒಂದು ಗಂಟೆ ಪೆನ್ಸಿಲ್ ಮುಟ್ಟಲೇ ಇಲ್ಲ, ಸುಮ್ನೆ ನೋಡುತ್ತಾ ಕೂತೆ. ಅಂಗುಳಿನ ಎರಡೂ ಕಡೆ ಹಲ್ಲು, ನಾಲಿಗೆ ಮೇಲೂ ಹಲ್ಲು. ಎಲ್ಲವೂ ಸೂಜಿಯಂತೆ ಸಣ್ಣ, ಒಳಗಡೆ ಬಾಗಿದವು. ಬೆರಳನ್ನು ಒಳಕ್ಕೆ ಜಾರಿಸಿದರೆ ಹಲ್ಲುಗಳು ಮಲಗಿ ದಾರಿ ಬಿಡುತ್ತವೆ. ಹಿಂದಕ್ಕೆ ಎಳೆದರೆ ಕಚ್ಚಿ ಹಿಡಿಯುತ್ತವೆ. ಕಡಲ ತಳದ ಮರಳಿನಲ್ಲಿ ಮೈ ಹುದುಗಿಸಿ, ಕಣ್ಣಷ್ಟೇ ಹೊರಗಿಟ್ಟು ಕಾಯುವ ಮೀನಿಗೆ ಒಂದೇ ನೆಗೆತದಲ್ಲಿ ಸಿಕ್ಕಿದ್ದು ಜಾರಬಾರದು, ಅಲ್ವಾ? ಬಾಯಿ ಮುಚ್ಚಿದರೂ ಹಲ್ಲು ಹೊರಗೆ ಕಾಣುತ್ತದೆ. ಮೊದಲ ಚಿತ್ರದಲ್ಲಿ ಅದನ್ನೂ ಬಿಟ್ಟಿದ್ದೆ.

ಬಿಟ್ಟಿದ್ದ ಇನ್ನೊಂದು, ಬಾಲದ ಹತ್ತಿರ ಬೆನ್ನಿನ ಮೇಲಿರುವ ಪುಟ್ಟ ರೆಕ್ಕೆ. ಅದರಲ್ಲಿ ಕಡ್ಡಿಯೇ ಇಲ್ಲ, ಬರೀ ಮೆತ್ತಗಿನ ಚರ್ಮ. ಇಂಥದ್ದೇ ರೆಕ್ಕೆ ಸಾಲ್ಮನ್ ಮೀನಿಗೂ ಇದೆ. 1795ರಲ್ಲಿ ಜರ್ಮನ್ ಮೀನು ತಜ್ಞ ಬ್ಲಾಕ್ (Bloch) ಇದನ್ನು ಸಾಲ್ಮನ್ ಕುಲಕ್ಕೆ ಸೇರಿಸಿ ಸಾಲ್ಮೋ ಟುಂಬಿಲ್ ಎಂದು ಹೆಸರಿಟ್ಟಿದ್ದರು. ಆದರೆ ಇದರ ಹತ್ತಿರದ ನಂಟು ಬೊಂಬಿಲ್ (ಬಾಂಬೆ ಡಕ್) ಮೀನಿನ ಜೊತೆ, ಎರಡೂ ಒಂದೇ ಕುಟುಂಬ.

ಬಣ್ಣವೇ ಕಷ್ಟ. ಬೆನ್ನು ಕಂದು, ಹೊಟ್ಟೆ ಬೆಳ್ಳಿ, ನಡುವೆ ಗೆರೆ ಇಲ್ಲದೆ ಒಂದು ಇನ್ನೊಂದಕ್ಕೆ ಕರಗುತ್ತದೆ. ಐಸ್‌ನಲ್ಲಿದ್ದ ಮೀನು ಬೇಗ ಮಂಕಾಗುತ್ತದೆ, ಅದಕ್ಕೇ ಮೊದಲು ಬಣ್ಣದ ಪಟ್ಟಿ ಮಾಡಿಕೊಂಡು ಆಮೇಲೆ ಆಕಾರಕ್ಕೆ ಕೈ ಹಾಕಿದೆ. ಮೂರು ತೆಳು ಪದರ ಆಗಿದೆ, ಹೊಟ್ಟೆಯ ಕಡೆ ಕಾಗದವನ್ನೇ ಬಿಳಿಯಾಗಿ ಬಿಟ್ಟಿದ್ದೇನೆ.

ತೆರೆದ ಬಾಯಿಗೆ ಬೇರೆ ಹಾಳೆ ಬೇಕು. ತಲೆಯನ್ನು ಫ್ರೀಜರ್‌ನಲ್ಲಿ ಇಟ್ಟಿದ್ದೇನೆ.