ದೂರು ಬರೆಯುವ ಮೊದಲು ಸಂಕೋಲೆ ನೋಡಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಕ್ಷಯ ಕೇಂದ್ರದಲ್ಲಿ, ಅಂದರೆ ಜನರಿಗೆ ಸರ್ಕಾರಿ ಅರ್ಜಿಗಳನ್ನು ಮಾಡಿಕೊಡುವ ಕೇಂದ್ರದಲ್ಲಿ, ಕೆಲಸ ಮಾಡುತ್ತೇನೆ. "ಆಚೆಮನೆ ನಾಯಿ ರಾತ್ರಿಯಿಡೀ ಬೊಗಳುತ್ತದೆ, ಒಂದು ದೂರು ಬರೆದುಕೊಡಿ" ಎಂದು ಬರುವವರಿದ್ದಾರೆ. ನಿದ್ದೆ ಕೆಟ್ಟವರ ಮುಖ ನೋಡಿದರೆ ಪಾಪ ಅನಿಸುತ್ತದೆ.

ಕಾನೂನು ಇಲ್ಲ ಅಂತಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಮನೆಗಳಿರುವ ಜಾಗಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಅದಕ್ಕಿಂತ 10 ಡೆಸಿಬೆಲ್ ಜಾಸ್ತಿಯಾದರೆ ದೂರು ಕೊಡಬಹುದು. ಆದರೆ ಅದು ಮೈಕು, ಹಾರ್ನ್, ಪಟಾಕಿಗಳನ್ನು ನೋಡಿ ಮಾಡಿದ ನಿಯಮ. ಮೀಟರ್ ಹಿಡಿದು ಯಾರಾದರೂ ಬರುವಷ್ಟರಲ್ಲಿ ನಾಯಿ ಸುಮ್ಮನಾಗಿರುತ್ತದೆ.

ನನಗೆ ಮುಖ್ಯ ಅನಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಯಾವಾಗಲೂ ಕಟ್ಟಿಹಾಕಿದ ನಾಯಿಯನ್ನು ಸಾಕಷ್ಟು ಓಡಾಡಿಸದೆ ಬಿಡುವುದು ಅದರ ಪ್ರಕಾರ ತಪ್ಪು.

ನಮ್ಮ ನೆರೆಮನೆಯಲ್ಲೇ ನೋಡಿದ್ದೇನೆ. ಕೊಟ್ಟಿಗೆಯ ಕಂಬಕ್ಕೆ ಮೂರು ಮೊಳದ ಸಂಕೋಲೆ. ನಾಯಿ ಸುತ್ತಿ ಸುತ್ತಿ ನೆಲದಲ್ಲಿ ಗುಂಡಗೆ ಗುಳಿ ಬಿದ್ದಿತ್ತು. ಕುತ್ತಿಗೆಯ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ತೋಟಕ್ಕೆ ಕಾಡುಹಂದಿ ಬಂದರೆ ಅಟ್ಟಿಸಿಕೊಂಡು ಹೋಗಲಾಗದು, ಹಂದಿ ಹೋದ ಮೇಲೂ ಬೊಗಳುತ್ತಲೇ ಇರುತ್ತಿತ್ತು. ನಾನು ಹೋಗಿ, "ಭಾವ, ಇದನ್ನು ಸ್ವಲ್ಪ ಬಿಡಬಾರದಾ?" ಎಂದೆ.

"ಬಿಟ್ಟರೆ ಕೋಳಿ ಹಿಡಿಯುತ್ತದೆ ಮಾರಾಯ."

ಅವರು ಹೇಳಿದ್ದೂ ನಿಜವೇ. ಕೊನೆಗೆ ಅಂಗಳದ ಬದಿಯ ಎರಡು ತೆಂಗಿನ ಮರಗಳ ನಡುವೆ ತಂತಿ ಎಳೆದು, ಅದಕ್ಕೆ ಬಳೆ ಹಾಕಿ ಸಂಕೋಲೆ ಸಿಕ್ಕಿಸಿದೆವು. ಈಗ ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ಸಂಜೆ ಅವರ ಮಗ ತೋಡಿನವರೆಗೆ ಕರೆದುಕೊಂಡು ಹೋಗುತ್ತಾನೆ. ಹಂದಿ ಬಂದರೆ ಈಗಲೂ ಬೊಗಳುತ್ತದೆ, ಬೊಗಳಲೇಬೇಕು. ಬೆಳಗಿನವರೆಗೂ ಬೊಗಳುವುದು ನಿಂತಿದೆ.

ಮಾತಿನಲ್ಲಿ ಮುಗಿಯದಿದ್ದರೆ ಪಂಚಾಯತಿಗೆ ಬರೆಯಿರಿ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸ್ ಬೇಕು, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು. ಅದನ್ನೂ ವಿಚಾರಿಸಲು ಹೇಳಿ. ಮಲಯಾಳ ಬರುವುದಿಲ್ಲ ಎಂದು ಹಿಂಜರಿಯಬೇಡಿ. ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ.

ದೂರಿನಲ್ಲಿ "ನಾಯಿಯನ್ನು ಓಡಿಸಿ" ಎಂದು ದಯವಿಟ್ಟು ಬರೆಸಬೇಡಿ. ಎಷ್ಟು ಗಂಟೆಗೆ ಶುರುವಾಗುತ್ತದೆ, ಎಷ್ಟು ಹೊತ್ತು ಬೊಗಳುತ್ತದೆ, ಎಲ್ಲಿ ಕಟ್ಟಿದ್ದಾರೆ, ಸಂಕೋಲೆ ಎಷ್ಟು ಉದ್ದ ಇದೆ, ಇಷ್ಟು ಹೇಳಿ. ಉಳಿದದ್ದನ್ನು ನಾನು ಟೈಪ್ ಮಾಡಿಕೊಡುತ್ತೇನೆ.