ಇಬ್ಬರೂ ಬಲಕ್ಕೆ

ಆ ಭಾನುವಾರ ಬೆಳಗ್ಗೆ ನಮ್ಮ ವಾಷಿಂಗ್ ಮೆಷಿನ್ ಅರ್ಧದಲ್ಲೇ ನಿಂತುಬಿಟ್ಟಿತು. ಗಾಜಿನ ಬಾಗಿಲಿನಾಚೆ ನೊರೆನೀರು, ಅದರಲ್ಲಿ ಮುಳುಗಿದ ಎರಡು ದಪ್ಪ ಹೊದಿಕೆಗಳು. ಎಷ್ಟು ಎಳೆದರೂ ಬಾಗಿಲು ಬರಲಿಲ್ಲ. ಒಳಗೆ ನೀರು ನಿಂತಿರುವವರೆಗೆ ಅದು ತೆರೆಯುವುದೂ ಇಲ್ಲ.

ಪ್ಲಗ್ ಕಿತ್ತು, ಕೆಳಮೂಲೆಯ ಪುಟ್ಟ ಮುಚ್ಚಳ ತೆಗೆದೆ. ಅಲ್ಲಿದ್ದ ಸಣ್ಣ ಕೊಳವೆಯಿಂದ ನೀರನ್ನು ತಟ್ಟೆಗೆ ಬಸಿಯುವುದು, ತುಂಬಿದೊಡನೆ ಚೆಲ್ಲಿ ಬರುವುದು. ಇದರಲ್ಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಫಿಲ್ಟರ್ ತಿರುಗಿಸಿ ಹೊರಗೆಳೆದರೆ ಬೂದುಬಣ್ಣದ ನೂಲಿನ ಮುದ್ದೆ, ಒಂದು ಅಂಗಿಯ ಗುಂಡಿ. ಅದರ ಹಿಂದೆ, ನೀರನ್ನು ಹೊರಹಾಕುವ ಪಂಪಿನ ಚಕ್ರದಲ್ಲಿ ಒಂದು ಸ್ಕ್ರೂ ಸಿಕ್ಕಿಕೊಂಡು ಅದರ ರೆಕ್ಕೆ ಮುರಿದಿತ್ತು. ಹಿಂದಿನ ವಾರ ಕುರ್ಚಿ ರಿಪೇರಿ ಮಾಡುವಾಗ ನಾನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ ಸ್ಕ್ರೂ ಅದು. ಹೊಸ ಪಂಪ್ ಬರಲು ಮೂರು ದಿನ ಬೇಕಿತ್ತು.

"ಅಲ್ಲಿಯವರೆಗೆ ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಬಕೆಟ್ ತೆಗೆದುಕೊಂಡು ಬಾ" ಎಂದರು ಅಮ್ಮ. ಅವರಿಗೆ ಈಗ ಎಪ್ಪತ್ತೆರಡು ವರ್ಷ.

ಹೊದಿಕೆಯನ್ನು ಜಾಲಿಸಲು ಹೋದಾಗ ಮೊದಲು ಗೊತ್ತಾದದ್ದು ಅದರ ಭಾರ. ಒಣಗಿದ್ದಾಗ ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ, ನೀರು ಕುಡಿದ ಮೇಲೆ ಎರಡು ಕೈಗೂ ಬಗ್ಗಲಿಲ್ಲ. ಮೂರು ಸಲ ನೀರು ಬದಲಿಸಿದರೂ ನೊರೆ ಹೋಗಲಿಲ್ಲ. ನಾಲ್ಕನೆಯ ಸಲ ನೀರು ತಿಳಿಯಾಯಿತು. ಆಮೇಲೆ ಹಿಂಡಬೇಕು. ಅಮ್ಮ ಒಂದು ತುದಿ ಹಿಡಿದರು, ಎದುರು ನಿಂತು ನಾನೊಂದು ತುದಿ ಹಿಡಿದೆ. ಅವರು ಬಲಕ್ಕೆ ತಿರುಗಿಸುತ್ತಿದ್ದಾರೆಂದು ನಾನು ಎಡಕ್ಕೆ ತಿರುಗಿಸಿದೆ. ಹೊದಿಕೆ ಹಗ್ಗದ ಹಾಗೆ ಇದ್ದಲ್ಲೇ ಉರುಳಿತೇ ಹೊರತು ಒಂದು ಹನಿಯೂ ಬೀಳಲಿಲ್ಲ.

"ನೀನೂ ನಿನ್ನ ಬಲಕ್ಕೇ ತಿರುಗಿಸು. ಎದುರುಬದುರು ನಿಂತಾಗ ಇಬ್ಬರೂ ಬಲಕ್ಕೆ ತಿರುಗಿಸಿದರೇನೇ ಹುರಿಗಟ್ಟುವುದು."

ಹಾಗೆ ಮಾಡಿದ ತಕ್ಷಣ ನೀರು ಧಾರೆಯಾಗಿ ಸುರಿಯಿತು. ನನ್ನ ಮಣಿಕಟ್ಟು ಉರಿಯತೊಡಗಿತು. ಅಮ್ಮನ ಕೈಯಲ್ಲಿ ನರಗಳು ಎದ್ದು ನಿಂತಿದ್ದವು, ಆದರೆ ಹಿಡಿತ ಮಾತ್ರ ಸಡಿಲಾಗಲಿಲ್ಲ. ಮೆಷಿನ್ ಈ ಕೆಲಸವನ್ನು ಡ್ರಮ್ಮನ್ನು ನಿಮಿಷಕ್ಕೆ 1,000 ಸುತ್ತಿನ ಆಸುಪಾಸು ತಿರುಗಿಸಿ ಮಾಡುತ್ತದೆ. ಆ ವೇಗಕ್ಕೆ ನೀರು ರಂಧ್ರಗಳಿಂದ ಹೊರಗೆ ಸಿಡಿಯುತ್ತದೆ. ಆ ಸದ್ದು ಕೇಳಿ ನಾನು ಎಷ್ಟೋ ಸಲ ಸಿಡಿಮಿಡಿಗೊಂಡು ಬಾಗಿಲು ಮುಚ್ಚಿಕೊಂಡಿದ್ದೇನೆ.

ಒಂದು ಹೊದಿಕೆ ಮುಗಿಸಿ ಕುಳಿತಾಗ, ಆ ಕಾಲವೇ ಚೆನ್ನಾಗಿತ್ತೇನೋ ಎಂಬ ಮಾತು ನನ್ನ ಬಾಯಿಂದ ಬಂತು. ಅಮ್ಮ ಒಪ್ಪಲಿಲ್ಲ. "ಸೊಂಟ ಬಿದ್ದುಹೋಗುತ್ತಿತ್ತು. ಮೆಷಿನ್ ಬಂದ ದಿನ ನಾನು ಅತ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು: "ಆದರೆ ಆಗ ಬಟ್ಟೆ ಒಗೆಯುವ ದಿನ ಮನೆಮಂದಿಯೆಲ್ಲ ಕೈಹಾಕುತ್ತಿದ್ದರು. ಅಣ್ಣಂದಿರು ನೀರು ಹೊರುತ್ತಿದ್ದರು, ಅಪ್ಪ ಸೌದೆ ಒಡೆದು ನೀರು ಕಾಯಿಸುತ್ತಿದ್ದರು, ತಂಗಿ ಜಾಲಿಸುತ್ತಿದ್ದಳು. ನಲ್ಲಿ ಬಂತು, ಅಣ್ಣಂದಿರ ಕೆಲಸ ಹೋಯಿತು. ಹೀಟರ್ ಬಂತು, ಅಪ್ಪನ ಕೆಲಸ ಹೋಯಿತು. ಮೆಷಿನ್ ಬಂದ ಮೇಲೆ ನಾನೊಬ್ಬಳೇ ಉಳಿದೆ."

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಯಂತ್ರಗಳು ಹೆಚ್ಚಾಗಿ ಕಡಿಮೆ ಮಾಡಿದ್ದು ಗಂಡಸರು ಮತ್ತು ಮಕ್ಕಳ ಪಾಲಿನ ಮನೆಗೆಲಸವನ್ನು. ಶುಚಿತ್ವದ ನಿರೀಕ್ಷೆಯೂ ಜೊತೆಜೊತೆಗೇ ಏರಿದ್ದರಿಂದ ತಾಯಂದಿರ ಹೊತ್ತು ಅಷ್ಟಾಗಿ ಉಳಿಯಲಿಲ್ಲ. ಅದನ್ನು ಹಿಂದೆಂದೋ ಓದಿ, ಹೌದಲ್ಲ ಎಂದುಕೊಂಡು ಮರೆತಿದ್ದೆ. ನಮ್ಮ ಮನೆಯಲ್ಲೂ ಹಾಗೆಯೇ. ಒಮ್ಮೆ ತೊಟ್ಟ ಅಂಗಿಯನ್ನು ಯೋಚಿಸದೆ ಬುಟ್ಟಿಗೆ ಎಸೆಯುತ್ತೇನೆ, ಒಗೆಯಲು ಮೆಷಿನ್ ಇದೆಯಲ್ಲ ಎಂದು. ಬಣ್ಣ ಬಿಡುವುದನ್ನು ಬೇರೆ ಮಾಡಿ, ಕೊರಳಪಟ್ಟಿಗೆ ಸೋಪು ತಿಕ್ಕಿ, ಹರವಿ, ಒಣಗಿದ ಮೇಲೆ ಮಡಚಿ ನನ್ನ ಕಪಾಟಿಗೆ ಇಡುವವರೆಗಿನ ಕೆಲಸವನ್ನು ಯಾವ ಮೆಷಿನ್ನೂ ಮಾಡುತ್ತಿರಲಿಲ್ಲ. ನನ್ನ ಜೇಬು ತಡವುತ್ತಿದ್ದುದೂ ಅಮ್ಮನೇ. ಆ ವಾರ ಅವರಿಗೆ ಜ್ವರವಿತ್ತು. ಅದಕ್ಕೇ ಸ್ಕ್ರೂ ಅವರ ಕೈತಪ್ಪಿತ್ತು.

ಬುಧವಾರ ಪಂಪ್ ಬಂತು, ನಾನೇ ಕೂರಿಸಿದೆ. ಮೆಷಿನ್ ಗುರುಗುಟ್ಟಿ ನೀರು ಹೊರಹಾಕಿದಾಗ ಇಬ್ಬರಿಗೂ ಸಮಾಧಾನವಾಯಿತು. ಸಂಜೆ ಒಣಗಿದ ರಾಶಿಯ ಮುಂದೆ ಕುಳಿತು ಹಾಸುಬಟ್ಟೆಯೊಂದನ್ನು ಮಡಚತೊಡಗಿದೆ. ಅಂಚುಗಳು ಕೂಡಲಿಲ್ಲ. ಅಮ್ಮ ಹತ್ತಿರ ಬಂದು ಬಟ್ಟೆಗೆ ಕೈಹಾಕಿದವರು, ಏನೋ ನೆನೆದು ಕೈ ಹಿಂತೆಗೆದುಕೊಂಡರು. ಕುರ್ಚಿ ಎಳೆದುಕೊಂಡು ಕುಳಿತು, "ಆ ಮೂಲೆಯನ್ನು ಈ ಮೂಲೆಗೆ ತಾ" ಎಂದರು.