ಶಾಸನವಿಲ್ಲದ ಏರಿ ಓಫಾನದ್ದೇ ಅಂತ ಹೇಗೆ ಹೇಳ್ತೀರಿ?

ಊರಿಗೆ ಫೋನ್ ಮಾಡಿದಾಗಲೂ, ಇಲ್ಲಿಗೆ ಬಂದ ನೆಂಟರನ್ನು ಗುಡ್ಡ ಹತ್ತಿಸಿದಾಗಲೂ ನನಗೆ ಎದುರಾಗುವುದು ಒಂದೇ ಪ್ರಶ್ನೆ. ಅದನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿದವರು ಮಾತ್ರ ನಮ್ಮ ಚಿಕ್ಕಪ್ಪ. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿ, ಓಫಾ ಎಂಬ ಹಳೇ ಕಾಲದ ರಾಜನ ಹೆಸರಿನ ಉದ್ದನೆಯ ಮಣ್ಣಿನ ಏರಿಯ ಮೇಲೆ ನಿಂತು, ಶೂಗೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ, "ಅಲ್ವೋ, ಒಂದು ಶಾಸನ ಇಲ್ಲ, ಕೆತ್ತಿದ ಕಲ್ಲಿಲ್ಲ, ಬರೀ ಮಣ್ಣು. ಇದು ಆ ರಾಜಂದೇ ಅಂತ ನಿಂಗೆ ಯಾರು ಹೇಳಿದ್ದು?" ಎಂದರು.

ಕನ್ನಡದವರು ಹೀಗೆ ಕೇಳುವುದು ಸಹಜವೇ. ನಮಗೆ ಕಲ್ಲು ಮಾತಾಡಿ ಅಭ್ಯಾಸ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿ ಎಂದು ಶಾಸನವೇ ಹೇಳುತ್ತದೆ. ಅದೂ 8ನೇ ಶತಮಾನದ್ದು, ಓಫಾನೂ ಅದೇ ಶತಮಾನದವನು. ಮಧ್ಯ ಇಂಗ್ಲೆಂಡಿನ ಮರ್ಸಿಯಾ ರಾಜ್ಯವನ್ನು 757ರಿಂದ 796ರವರೆಗೆ ಆಳಿದ. ಅವನ ಹೆಸರಿರುವ ಏರಿಯಲ್ಲಿ ಈಗ ಉಳಿದಿರುವುದು ಸುಮಾರು 130 ಕಿಲೋಮೀಟರ್. ಅಷ್ಟುದ್ದದಲ್ಲಿ ಒಂದಕ್ಷರ ಸಿಕ್ಕಿಲ್ಲ.

ಹೆಸರು ಹಾಕಿಸಿಕೊಳ್ಳಲು ನಾಚುವ ಆಸಾಮಿಯೇನೂ ಅಲ್ಲ ಅವನು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವನದೊಂದು ಚಿನ್ನದ ನಾಣ್ಯ ಇದೆ. ಬಾಗ್ದಾದ್ ಖಲೀಫನ ದಿನಾರ್ ನೋಡಿ ಮಾಡಿದ ನಕಲು. ಅರಬ್ಬಿ ಬರಹದ ನಡುವೆ 'ಓಫಾ ರೆಕ್ಸ್', ಅಂದರೆ ಓಫಾ ರಾಜ, ಎಂದು ತಲೆಕೆಳಗಾಗಿ ಅಚ್ಚಾಗಿದೆ. ಅಕ್ಕಸಾಲಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಏರಿ ಅವನದು ಅನ್ನಲು ಆಧಾರವೇನು? ಒಂದೇ ಒಂದು ವಾಕ್ಯ. 893ರಲ್ಲಿ ಆಸರ್ ಎಂಬ ವೇಲ್ಸ್‌ನ ಸನ್ಯಾಸಿ ಆಲ್ಫ್ರೆಡ್ ರಾಜನ ಚರಿತ್ರೆ ಬರೆಯುತ್ತಾ ದಾರಿಯಲ್ಲಿ ಓಫಾನ ಸುದ್ದಿ ಎತ್ತುತ್ತಾನೆ: ಸುತ್ತಲ ರಾಜರನ್ನೆಲ್ಲ ನಡುಗಿಸಿದವನು, ವೇಲ್ಸ್‌ಗೂ ಮರ್ಸಿಯಾಕ್ಕೂ ನಡುವೆ ಸಮುದ್ರದಿಂದ ಸಮುದ್ರದವರೆಗೆ ದೊಡ್ಡ ಏರಿ ಹಾಕಿಸಿದವನು. ಅಷ್ಟೇ. ಓಫಾ ಸತ್ತು 97 ವರ್ಷವಾದ ಮೇಲೆ ಬರೆದದ್ದು. ಆದರೂ ಈ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು, ಆಸರ್ ಏರಿಯ ಆಚೆಬದಿಯವನು. ಯಾರ ಕಾಟಕ್ಕೆ ಈ ಮಣ್ಣು ಎದ್ದಿತೆಂದು ಅವನ ಕಡೆಯವರಿಗೆ ನೆನಪಿರುತ್ತದೆ. 'ಸಮುದ್ರದಿಂದ ಸಮುದ್ರಕ್ಕೆ' ಅನ್ನುವುದು ಮಾತ್ರ ನೆಲದಲ್ಲಿ ಕಾಣುವುದಿಲ್ಲ. ಉತ್ತರದಲ್ಲಿ ಏರಿ ಕಡಲು ಮುಟ್ಟುವ ಮೊದಲೇ ಮಾಯವಾಗುತ್ತದೆ, ಹೆರೆಫರ್ಡ್‌ಶೈರ್‌ನಲ್ಲಿ ದೊಡ್ಡ ದೊಡ್ಡ ಖಾಲಿ ಜಾಗಗಳಿವೆ. ಮ್ಯಾಂಚೆಸ್ಟರ್‌ನ ಡೇವಿಡ್ ಹಿಲ್ ಮತ್ತು ಮಾರ್ಗರೆಟ್ ವರ್ದಿಂಗ್ಟನ್ ವರ್ಷಗಟ್ಟಲೆ ಅಗೆದು, ಓಫಾನದ್ದು ನಡುವಿನ ಸುಮಾರು 103 ಕಿಲೋಮೀಟರ್ ಮಾತ್ರ, ವೇಲ್ಸ್ ಕಡೆಯ ಪೊವಿಸ್ ರಾಜ್ಯದ ಎದುರಿಗೆ ಹಾಕಿದ್ದು ಎಂದು ವಾದಿಸಿದರು.

ಇನ್ನು ಮಣ್ಣಿನ ಸಾಕ್ಷಿ. ನನ್ನ ಆಸಕ್ತಿ ಇರುವುದು ಇಲ್ಲಿಯೇ.

ಏರಿಯನ್ನು ಅಡ್ಡಲಾಗಿ ಸೀಳಿದ ಟ್ರೆಂಚ್‌ನಲ್ಲಿ ಮಂಡಿಯೂರಿ ಕೂತು ನೋಡಬೇಕು. ಕೈಯಲ್ಲಿ ಹಿಡಿಯುವುದು ಗಾರೆ ಕೆಲಸದವರ ಕರಣೆಯೇ, ಅದಕ್ಕಿಂತ ದೊಡ್ಡ ಆಯುಧ ಬೇಡ. ಕರಣೆಯಿಂದ ಮಣ್ಣಿನ ಮುಖ ಹೆರೆಯುತ್ತಾ ಹೋದರೆ ಮೇಲೆ ಕೆಂಗಂದು ಮಣ್ಣು ಕಲ್ಲು, ಕೆಳಗೆ ಬೂದುಗಪ್ಪು ಹೆಂಟೆಗಳು, ಕೆಲವು ಬೋರಲು ಬಿದ್ದಿರುತ್ತವೆ. ಹುಲ್ಲು ಸಮೇತ ಕಿತ್ತು ಪೇರಿಸಿದ ನೆಲ ಅದು. ಅದರಡಿ ಬೆರಳಗಲದ ಒಂದು ಕಪ್ಪು ಗೆರೆ. ಏರಿ ಹಾಕಿದ ದಿನ ಜನ ನಡೆದಾಡುತ್ತಿದ್ದ ನೆಲ ಅದೇ, ಮೇಲೆ ಮಣ್ಣು ಬಿದ್ದದ್ದೇ ತಡ ಮುಚ್ಚಿಹೋಯಿತು. ಪಡುವಣಕ್ಕೆ, ವೇಲ್ಸ್ ಕಡೆಗೆ, ಕಂದಕ. ಅಲ್ಲಿಂದ ತೋಡಿದ ಮಣ್ಣೇ ಏರಿ.

ಆ ಕಪ್ಪು ಗೆರೆಯಲ್ಲಿ ಇದ್ದಿಲ ಚೂರು ಸಿಕ್ಕಿದರೆ ಅದರ ವಯಸ್ಸು ಹೇಳುವ ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸಬಹುದು. ಆದರೆ ಇದ್ದಿಲು ಹೇಳುವುದು 'ಏರಿ ನನಗಿಂತ ಕಿರಿಯದು' ಎಂದಷ್ಟೇ. ಎಷ್ಟು ಕಿರಿಯದು ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ಫ್ರಿತ್ ಎಂಬಲ್ಲಿ ಏರಿ ರೋಮನ್ನರ ಕಾಲದ ಊರಿನ ಮೇಲೇ ಹಾದುಹೋಗಿದೆ. ಆದ್ದರಿಂದ ರೋಮನ್ನರ ನಂತರದ್ದು ಅನ್ನುವುದು ಖಾತ್ರಿ. ಅಲ್ಲಿಂದ ಓಫಾನಿಗೆ ಬರಲು ಇನ್ನೂ ಮುನ್ನೂರು ನಾನ್ನೂರು ವರ್ಷದ ದಾರಿ ಇದೆ.

ಇಲ್ಲಿ ಎಡವಿದರೆ ಏನಾಗುತ್ತದೆ ಅನ್ನಲು ಪಕ್ಕದಲ್ಲೇ ಉದಾಹರಣೆ ಇದೆ. ಓಫಾನ ಏರಿಗೆ ಹತ್ತಿರದಲ್ಲೇ, ಡೀ ನದಿಯ ಅಳಿವೆಯಿಂದ ಆಸ್ವೆಸ್ಟ್ರಿ ಊರಿನ ತೆಂಕಣಕ್ಕೆ ಸುಮಾರು 64 ಕಿಲೋಮೀಟರ್ ವ್ಯಾಟ್‌ನ ಏರಿ ಎಂಬ ಇನ್ನೊಂದು ಓಡುತ್ತದೆ. 1990ರ ದಶಕದಲ್ಲಿ ಅದರಡಿ ಒಂದು ಬೆಂಕಿ ಒಲೆಯ ಗುರುತು ಸಿಕ್ಕಿತು, ಇದ್ದಿಲಿನ ಕಾಲ 5ನೇ ಶತಮಾನದ ನಡುಭಾಗದ ಆಸುಪಾಸು ಎಂದು ಬಂತು. ಏರಿಯೂ ಆಗಿನದೇ ಎಂದು ಸುದ್ದಿ ಹಬ್ಬಿತು. 2006ರಲ್ಲಿ ಗೊಬೊವೆನ್‌ನಲ್ಲಿ ಅಗೆದಾಗ ಬೇರೆ ದಾರಿ ಹಿಡಿದರು. ಮಣ್ಣಿನೊಳಗಿನ ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನ ಅದು. ಮಾದರಿಗೆ ಬೆಳಕು ಸೋಕಿದರೆ ಕೆಲಸ ಕೆಟ್ಟಿತು. ಅದರ ಉತ್ತರ 9ನೇ ಶತಮಾನದ ಆದಿಭಾಗ, ಓಫಾ ಸತ್ತ ಮೇಲಿನ ಮಾತು. ಒಂದೇ ಏರಿ, ಎರಡು ಕಾಲ, ನಡುವೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ! ಎರಡೂ ಪರೀಕ್ಷೆ ಸರಿಯೇ. ಯಾರೋ ಬೆಂಕಿ ಕಾಯಿಸಿಕೊಂಡ ನೆಲದ ಮೇಲೆ ತಲೆಮಾರುಗಳು ಕಳೆದ ಮೇಲೆ ಮಣ್ಣು ಬಿತ್ತು.

ಓಫಾನ ಏರಿಗೂ ಹೀಗೇ ಆಯಿತು. 2014ರಲ್ಲಿ ಕ್ಲೂಇಡ್-ಪೊವಿಸ್ ಪುರಾತತ್ವ ಟ್ರಸ್ಟ್‌ನವರು ಚರ್ಕ್ ಊರಿನ ಬಳಿಯ ಹೆಂಟೆ ಮಣ್ಣಿನ ರೇಡಿಯೋಕಾರ್ಬನ್ ಫಲಿತಾಂಶ ಪ್ರಕಟಿಸಿದರು. ಒಂದು ಕಡೆ ಇಸವಿ 430ರಿಂದ 652, ಇನ್ನೊಂದು ಕಡೆ 887ರಿಂದ 1019. ಪತ್ರಿಕೆಗಳು ಮೊದಲನೆಯದನ್ನು ಹಿಡಿದುಕೊಂಡು, ಏರಿ ಓಫಾನದ್ದೇ ಅಲ್ಲವೇನೋ ಎಂದು ಬರೆದವು. ನಾನು ಅದನ್ನು ಒಪ್ಪುವುದಿಲ್ಲ. ಕಿತ್ತು ಪೇರಿಸಿದ ಹೆಂಟೆಯಲ್ಲಿ ಹಳೆಯ ಬೇರು, ಹಳೆಯ ಇದ್ದಿಲು ಇದ್ದೇ ಇರುತ್ತದೆ. ನನ್ನನ್ನು ಯೋಚನೆಗೆ ಹಚ್ಚಿದ್ದು ಎರಡನೆಯದು. ಓಫಾ ಸತ್ತು ಕಮ್ಮಿಯೆಂದರೂ 91 ವರ್ಷವಾದ ಮೇಲೂ ಯಾರೋ ಇಲ್ಲಿ ಮಣ್ಣು ಹಾಕಿದ್ದಾರೆ. ಯಾಕೆ? ಗಡಿ ಆಗಲೂ ಬೇಕಾಗಿತ್ತೇ, ಕುಸಿದದ್ದನ್ನು ರಿಪೇರಿ ಮಾಡಿದರೇ?

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. ಮಳೆ ಹನಿಯುತ್ತಿತ್ತು. "ನಮ್ಮೂರ ಕೆರೆ ಏರಿ ಯಾರು ಹಾಕಿಸಿದ್ದು?" ಎಂದು ಕೇಳಿದೆ. ಪಾಳೇಗಾರರ ಕಾಲದ್ದು ಅಂತಾರಪ್ಪ ಎಂದರು. "ಈಗಿರೋ ಮಣ್ಣು?" ಎಂದೆ. "ಅದು ಎಷ್ಟು ಸಲ ಒಡೆದಿಲ್ಲ! ನಮ್ಮಪ್ಪನೇ ಬುಟ್ಟಿ ಹೊತ್ತಿದ್ದ. ಬರಗಾಲದ ಕೆಲಸ ಅಂತ ಸರ್ಕಾರದವರೂ ಒಂದ್ಸಲ ಎತ್ತರಿಸಿದ್ರು."

ನನ್ನ ಉತ್ತರವೂ ಅದೇ. ಬಹುಪಾಲು ಓಫಾ ಹಾಕಿಸಿದ್ದು ಎಂದೇ ನಾನು ನಂಬುತ್ತೇನೆ, ಆಸರ್‌ನ ಒಂದು ವಾಕ್ಯಕ್ಕೆ ಅಷ್ಟು ಮರ್ಯಾದೆ ಕೊಡುತ್ತೇನೆ. ಪ್ರತಿ ಬುಟ್ಟಿ ಮಣ್ಣಿಗೂ ಅವನೇ ಜವಾಬ್ದಾರ ಅನ್ನುವುದಿಲ್ಲ. ಒಂದೆರಡು ಟ್ರೆಂಚ್‌ನ ಇಸವಿಯನ್ನು 130 ಕಿಲೋಮೀಟರ್‌ಗೂ ಹಚ್ಚುವುದಿಲ್ಲ.

ಇಳಿದು ನೈಟನ್‌ಗೆ ಬಂದೆವು. ಆ ಊರಿಗೆ ವೆಲ್ಷ್ ಭಾಷೆಯಲ್ಲಿ 'ತ್ರೆವಿಕ್ಲಾವ್ಧ್', ಏರಿಯ ಊರು ಎಂದು ಹೆಸರು. ಊರು ವೇಲ್ಸ್‌ನಲ್ಲಿ, ಅದರ ರೈಲ್ವೆ ಸ್ಟೇಷನ್ ಇಂಗ್ಲೆಂಡಿನಲ್ಲಿ. ಚಿಕ್ಕಪ್ಪ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ಉಳಿದ ಕೆಸರನ್ನು ಇಂಗ್ಲೆಂಡಿಗೆ ಕೆರೆದು ಹಾಕಿದರು.